ಮೂರು ಬೆರಳು ಹಿಡಿಸದ ಬಾಯಿ

ಬಾಯಿ ಅಗಲಿಸಿ, ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ತೂರಿಸಿ ನೋಡಿ. ದೊಡ್ಡವರ ಬಾಯಿ ಸರಿಯಾಗಿದ್ದರೆ ಮೂರೂ ಹಿಡಿಸಬೇಕು. ಎರಡಕ್ಕೇ ನಿಂತರೆ, ಅದೂ ಅಡಿಕೆ, ಪಾನ್ ಮಸಾಲ, ಗುಟ್ಕಾ ಹಾಕುವವರಿಗೆ ನಿಂತರೆ, ಈ ವಾರವೇ ಹಲ್ಲಿನ ಡಾಕ್ಟರನ್ನು ಕಾಣಬೇಕು. ಈ ಪರೀಕ್ಷೆಗೆ ಯಂತ್ರ ಬೇಡ, ರಕ್ತ ತೆಗೆಯುವುದು ಬೇಡ, ಹತ್ತು ಸೆಕೆಂಡು ಸಾಕು. ಬಸ್ ಸ್ಟ್ಯಾಂಡ್ ಎದುರಿನ ಮಹಡಿ ಮೇಲಿರುವ ಸಾಮಾನ್ಯ ಕ್ಲಿನಿಕ್ಕಿನಲ್ಲೂ, ಕುರ್ಚಿಯನ್ನು ಹಿಂದಕ್ಕೆ ಒರಗಿಸುವಷ್ಟರಲ್ಲಿ ಅನುಭವಸ್ಥ ಡಾಕ್ಟರು ಇದನ್ನು ಕಣ್ಣಳತೆಯಲ್ಲೇ ನೋಡಿ ಮುಗಿಸಿರುತ್ತಾರೆ.

ತೊಂದರೆ ಇರುವುದು ನಾವು ಆ ಕುರ್ಚಿಗೆ ಬಂದು ಕೂರುವ ಹೊತ್ತಿನಲ್ಲಿ. ನಮ್ಮಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಕ್ಕೆ ಇರುವುದು ಒಂದೇ ಕಾರಣ, ರಾತ್ರಿ ನಿದ್ದೆ ಕೊಡದ ನೋವು. ಲವಂಗ ಕಚ್ಚಿದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು, ಮೆಡಿಕಲ್ ಶಾಪಿನ ಎರಡು ಮಾತ್ರೆ ನುಂಗಿದ್ದಾಯಿತು, ಇನ್ನು ತಡೆಯಲಾರೆ ಅನ್ನಿಸಿದಾಗ ಕ್ಲಿನಿಕ್ಕಿನ ಮೆಟ್ಟಿಲು. ಆದರೆ ಬಾಯಿಯ ದೊಡ್ಡ ಕಾಯಿಲೆಗಳು ಯಾವುವೂ ನೋವಿನಿಂದ ಶುರುವಾಗುವುದಿಲ್ಲ. ಹುಳುಕು ಹುಟ್ಟುವಾಗ ನೋಯುವುದಿಲ್ಲ. ವಸಡಿನ ಕಾಯಿಲೆ ಹಲ್ಲು ಅಲ್ಲಾಡುವ ತನಕ ಹೆಚ್ಚಾಗಿ ಸುಮ್ಮನಿರುತ್ತದೆ. ಬಾಯಿಯ ಕ್ಯಾನ್ಸರ್ ಕೂಡ ಮೊದಲ ಹಂತದಲ್ಲಿ ಒಂದು ಬಿಳಿ ಅಥವಾ ಕೆಂಪು ಮಚ್ಚೆ, ಇಲ್ಲವೇ ಒಣಗಲೊಲ್ಲದ ಒಂದು ಹುಣ್ಣು, ಅಷ್ಟೆ. ನೋವು ಬರಲಿ ಆಮೇಲೆ ನೋಡೋಣ ಎಂದು ಕಾದವರಿಗೆ ಸುಲಭದ ಚಿಕಿತ್ಸೆ ಅಷ್ಟರಲ್ಲಿ ಕೈತಪ್ಪಿರುತ್ತದೆ. ಹೀಗೆ ಕಾಯುತ್ತಿರುವುದರ ಬಿಲ್ಲು ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ರಾಜ್ಯದ ಎದುರಿಗೆ ಬರಲಿದೆ. ಅದರ ಲಕ್ಷಣಗಳು ಮೂರು ಬೇರೆ ಬೇರೆ ವಯಸ್ಸಿನವರ ಬಾಯಲ್ಲಿ ಈಗಲೇ ಕಾಣುತ್ತಿವೆ ಎಂಬುದಕ್ಕಾಗಿ ಈ ಸಂಪಾದಕೀಯ.

ಮೊದಲು ಆರು ವರ್ಷದ ಮಗು. ಒಂದನೇ ತರಗತಿಗೆ ಸೇರುವ ಹೊತ್ತಿಗೆ ಮಗುವಿನ ಬಾಯಲ್ಲಿ, ಹಾಲುಹಲ್ಲುಗಳ ಸಾಲು ಮುಗಿಯುವಲ್ಲಿ, ಹೊಸದೊಂದು ದವಡೆ ಹಲ್ಲು ತಲೆ ಎತ್ತುತ್ತದೆ. ಹಾಲುಹಲ್ಲು ಬಿದ್ದ ಜಾಗದಲ್ಲಿ ಬರುವ ಹಲ್ಲಲ್ಲ ಅದು, ಹಿಂದಿನ ಖಾಲಿ ವಸಡನ್ನು ಸೀಳಿಕೊಂಡು ಬರುತ್ತದೆ. ಹಲ್ಲು ಬೀಳುವ ಗದ್ದಲವಿಲ್ಲ, ಬಿದ್ದ ಹಲ್ಲನ್ನು ಹೆಂಚಿನ ಮೇಲೆ ಎಸೆಯುವ ಸಂಭ್ರಮವಿಲ್ಲ, ಹಾಗಾಗಿ ಮನೆಯವರ ಗಮನಕ್ಕೆ ಬರುವುದಿಲ್ಲ. ಬಂದರೂ ಅದನ್ನು ಇನ್ನೊಂದು ಹಾಲುಹಲ್ಲೆಂದೇ ತಿಳಿಯುತ್ತಾರೆ. ಮೇಲೆರಡು ಕೆಳಗೆರಡು ಬರುವ ಈ ನಾಲ್ಕೂ ಶಾಶ್ವತ ಹಲ್ಲುಗಳು. ಮುಂದೆ ಇಡೀ ಬದುಕಿಗೆ ಅಗಿಯುವ ಭಾರ ಹೊರಬೇಕಾದವು ಇವು. ಮೇಲ್ಮೈಯಲ್ಲಿ ಆಳವಾದ ಗೀರುಗಳಿರುವುದರಿಂದ ಬಿಸ್ಕತ್ತಿನ ಅಂಟು, ಚಾಕೊಲೇಟಿನ ಜಿಗಟು ಎಲ್ಲ ಹೋಗಿ ಕೂರುವುದೂ ಇಲ್ಲೇ. ಮಗುವಿನ ಬ್ರಷ್ಷು ಅಲ್ಲಿಯವರೆಗೆ ತಲುಪುವುದಿಲ್ಲ. ಮೂಡಿದ ಒಂದೆರಡು ವರ್ಷದಲ್ಲೇ ಎಷ್ಟೋ ಮಕ್ಕಳಲ್ಲಿ ಈ ಹಲ್ಲು ಕಪ್ಪಾಗಿರುತ್ತದೆ.

ಆಗ ಕ್ಲಿನಿಕ್ಕಿನಲ್ಲಿ ನಡೆಯುವ ಮಾತನ್ನು ಯಾವ ಹಲ್ಲಿನ ಡಾಕ್ಟರನ್ನು ಕೇಳಿದರೂ ಬಾಯಿಪಾಠ ಒಪ್ಪಿಸುತ್ತಾರೆ. "ಹಾಲುಹಲ್ಲು ತಾನೆ ಡಾಕ್ಟ್ರೇ, ಹೆಂಗೂ ಬಿದ್ದೋಗುತ್ತೆ, ಕಿತ್ತಾಕ್ಬಿಡಿ." "ಇದು ಹಾಲುಹಲ್ಲಲ್ಲಮ್ಮ. ಇನ್ನು ಅರವತ್ತು ವರ್ಷ ಇವನ ಜೊತೆ ಇರಬೇಕಾದ ಹಲ್ಲು." ತಾಯಿ ಕೈಗನ್ನಡಿ ಇಸಕೊಂಡು ಮಗನ ಬಾಯೊಳಗೆ ಬಗ್ಗಿ ನೋಡುತ್ತಾರೆ. ಡಾಕ್ಟರು ಮೊನೆಗೋಲಿನ ತುದಿಯಿಂದ ಮುಂದಿನಿಂದ ಹಿಂದಕ್ಕೆ ಒಂದೊಂದೇ ಹಲ್ಲು ಎಣಿಸಿ, ಆರನೆಯದರ ಮೇಲೆ ನಿಲ್ಲಿಸುತ್ತಾರೆ. ಎಣಿಸಿ ತೋರಿಸುವವರೆಗೂ ತಾಯಿಗೆ ನಂಬಿಕೆ ಬರುವುದಿಲ್ಲ. ತಪ್ಪು ಅವರದಲ್ಲ, ಹೆರಿಗೆ ಆಸ್ಪತ್ರೆಯಿಂದ ಹಿಡಿದು ಶಾಲೆಯವರೆಗೆ ಯಾರೂ ಈ ಹಲ್ಲಿನ ಸುದ್ದಿಯನ್ನೇ ಅವರಿಗೆ ಹೇಳಿರುವುದಿಲ್ಲ.

ಹೇಳಬೇಕಾದದ್ದು ಬಹಳವೇನಿಲ್ಲ. ಮೊದಲ ಹಲ್ಲು ಮೂಡಿದ ಮೇಲೆ, ಮಗುವಿನ ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸ ಬಿಡಿಸಬೇಕು. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಅಲೆಯಾಗಿ ಹಾಕುವ ಪೇಸ್ಟು ಕಂಪನಿಯ ಲಾಭಕ್ಕೆ. ಆರರ ದವಡೆ ಹಲ್ಲು ಪೂರ್ತಿ ಮೇಲೆ ಬಂದ ಕೂಡಲೇ ಅದರ ಗೀರುಗಳನ್ನು ತೆಳುವಾದ ಸೀಲೆಂಟ್ ಹಾಕಿ ಮುಚ್ಚಿಸಬಹುದು. ಕೊರೆಯುವುದಿಲ್ಲ, ಸೂಜಿ ಇಲ್ಲ, ಒಂದು ಹಲ್ಲಿಗೆ ಕೆಲವು ನಿಮಿಷದ ಕೆಲಸ. ಕುಟುಂಬದ ಹಲ್ಲಿನ ಡಾಕ್ಟರು ಮಾಡುವ ಎಲ್ಲ ಕೆಲಸಗಳಲ್ಲಿ ಇಷ್ಟು ಅಗ್ಗದ್ದು, ಇಷ್ಟು ಉಪಯೋಗದ್ದು, ಜನ ಇಷ್ಟು ಕಡಿಮೆ ಕೇಳುವುದು ಇನ್ನೊಂದಿಲ್ಲ.

ಹಾಲುಹಲ್ಲು ಬಿದ್ದುಹೋಗುವುದು ನಿಜ. ಆದರೂ ಅದು ತನ್ನ ಕಾಲಕ್ಕೆ ಮುಂಚೆ ಹೋದರೆ ಅಕ್ಕಪಕ್ಕದ ಹಲ್ಲುಗಳು ವಾಲಿಕೊಂಡು, ಕೆಳಗಿನಿಂದ ಬರುವ ಹಲ್ಲಿಗೆ ದಾರಿ ಇಲ್ಲದಂತಾಗುತ್ತದೆ. ಹನ್ನೆರಡು ಹದಿಮೂರರಲ್ಲಿ "ಹಲ್ಲು ಸೊಟ್ಟಗೆ ಬಂದಿವೆ, ಕ್ಲಿಪ್ ಹಾಕಿಸಬೇಕು" ಎನ್ನುವ ಮನೆಗಳಲ್ಲಿ ಎಷ್ಟೋ ಕಡೆ ಇದರ ಬೇರು ಐದನೇ ವಯಸ್ಸಿನಲ್ಲಿ ಕೀಳಿಸಿದ ಒಂದು ಹಾಲುಹಲ್ಲಿನಲ್ಲಿ ಸಿಗುತ್ತದೆ. ಈಚೆಗೆ ಸಣ್ಣ ಮಕ್ಕಳ ಹುಳುಕಿಗೆ ಕೊರೆಯದೆ ಹಚ್ಚುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಬಂದಿದೆ. ಹಚ್ಚಿದ ಜಾಗ ಕಪ್ಪಾಗುತ್ತದೆ, ಆದರೆ ಹುಳುಕು ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನೂ ಹುಳುಕಿನ ತೂತು ತುಂಬುವ ಗ್ಲಾಸ್ ಅಯಾನೊಮರ್ ಸಿಮೆಂಟನ್ನೂ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಕರೆಂಟಿಲ್ಲದ ಹಳ್ಳಿ ಶಾಲೆಯ ಬೆಂಚಿನ ಮೇಲೂ ಮಾಡಬಹುದಾದ ಚಿಕಿತ್ಸೆ ಇವು.

ಫ್ಲೋರೈಡ್ ಎಂದೊಡನೆ ಪಾವಗಡ, ಮುಂಡರಗಿ ಕಡೆಯ ಓದುಗರು ಹುಬ್ಬೇರಿಸಿಯಾರು. ಏರಿಸಬೇಕಾದದ್ದೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದ ಈ ಲವಣ ನಮ್ಮ ಒಣ ಜಿಲ್ಲೆಗಳ ಆಳದ ಬೋರ್‌ವೆಲ್ಲುಗಳಲ್ಲಿ ಮಿತಿ ಮೀರಿರುವುದು ಹಳೆಯ ಸಂಗತಿ. ಅಲ್ಲಿ ಎಷ್ಟೋ ಮಕ್ಕಳ ಹೊಸ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುತ್ತದೆ. ಊರಿನ ನೀರು ಯಾವುದು ಎಂದು ಕೇಳಿದ ಮೇಲೆ ಪೇಸ್ಟಿನ ಮಾತಾಡುವ ಡಾಕ್ಟರು ಬೇಕಾಗುವುದು ಇದಕ್ಕೇ. ಅಂಥ ತಿಳಿವಳಿಕೆ ಅದೇ ತಾಲ್ಲೂಕಿನಲ್ಲಿ ಇಪ್ಪತ್ತು ವರ್ಷ ಕೂತವರಲ್ಲಿರುತ್ತದೆ, ಫೋನಿನ ಆ್ಯಪಿನಲ್ಲಿರುವುದಿಲ್ಲ.

ಇನ್ನು ಹುಳುಕು ನಡೆಯುವ ದಾರಿ. ಅದು ಬಾಗಿಲ ಚೌಕಟ್ಟಿಗೆ ಹಿಡಿದ ಗೆದ್ದಲಿನಂತೆ, ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಪೊಳ್ಳು. ಮೇಲಿನ ಗಟ್ಟಿ ಕವಚ ದಾಟಿ ಒಳಗಿನ ಮೆತ್ತನೆ ಪದರಕ್ಕೆ ಇಳಿದ ಮೇಲೆ ಹುಳುಕು ಅಗಲವಾಗಿ ಹರಡುತ್ತದೆ. ಈ ಹಂತದಲ್ಲಿ ತಣ್ಣೀರು ಕುಡಿದರೆ ಜುಮ್ ಎನ್ನುತ್ತದೆ, ಮರುಕ್ಷಣ ಹೋಗುತ್ತದೆ. ಆಗ ಹೋದರೆ ಒಂದೇ ಸಲಕ್ಕೆ ಸಿಮೆಂಟ್ ಹಾಕಿ ಕಳಿಸುತ್ತಾರೆ. ಜುಮ್ ಎನ್ನುವುದು ಹೋಗದೆ ನಿಮಿಷಗಟ್ಟಲೆ ನಿಂತರೆ, ಬಿಸಿ ಕಾಫಿಗೂ ನೋಯತೊಡಗಿದರೆ, ರಾತ್ರಿ ಮಲಗಿದಾಗ ದಬದಬ ಹೊಡೆದುಕೊಂಡರೆ, ನರಕ್ಕೆ ತಗುಲಿದೆ ಎಂದರ್ಥ. ಅಲ್ಲಿಗೆ ಸಿಮೆಂಟಿನ ಕಾಲ ಮುಗಿಯಿತು, ರೂಟ್ ಕೆನಾಲ್ ಮಾಡಿ ಮೇಲೆ ಕ್ಯಾಪ್ ಕೂರಿಸಬೇಕು.

ಇಲ್ಲಿ ಜನರನ್ನು ಮೋಸಗೊಳಿಸುವ ಘಳಿಗೆಯೊಂದಿದೆ. ಮೂರು ದಿನ ಜೀವ ತಿಂದ ನೋವು ನಾಲ್ಕನೇ ದಿನ ತಾನಾಗಿ ನಿಂತುಬಿಡುತ್ತದೆ. ಮಾತ್ರೆ ಕೆಲಸ ಮಾಡಿತು, ದೇವರು ದೊಡ್ಡವನು ಎಂದುಕೊಂಡು ಮನೆಯವರು ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡುತ್ತಾರೆ. ನಿಂತದ್ದು ನೋವು, ಕಾಯಿಲೆಯಲ್ಲ. ಒಳಗಿನ ನರ ಸತ್ತುಹೋದದ್ದರಿಂದ ನೋವು ಹೇಳುವವರು ಇಲ್ಲವಾಗಿದ್ದಾರೆ, ಸೋಂಕು ಬೇರಿನ ತುದಿಯಿಂದ ಎಲುಬಿಗೆ ಇಳಿಯುತ್ತಲೇ ಇದೆ. ಕೆಲವು ತಿಂಗಳು ಕಳೆದು ವಸಡಿನ ಮೇಲೆ ಕೀವಿನ ಗುಳ್ಳೆ ಏಳುತ್ತದೆ, ಇಲ್ಲವೇ ಒಂದು ಬೆಳಿಗ್ಗೆ ಕೆನ್ನೆ ಊದಿರುತ್ತದೆ. ಊತ ದವಡೆಯ ಕೆಳಗೆ, ಗಂಟಲ ಕಡೆಗೆ ಇಳಿದು, ಜ್ವರ ಬಂದು, ಎಂಜಲು ನುಂಗಲೂ ಕಷ್ಟವಾದರೆ ಅಂದು ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಉಸಿರಿನ ದಾರಿ ಮುಚ್ಚಿ ಪ್ರಾಣ ಹೋಗುವ ಸ್ಥಿತಿ ಅದು, ಬೆಳಗಾಗಲಿ ಎನ್ನಬಾರದು.

ಮೆಡಿಕಲ್ ಶಾಪಿನಲ್ಲಿ "ಹಲ್ಲು ನೋವಿಗೆ ಏನಾದ್ರೂ ಕೊಡಿ" ಎಂದು ತೆಗೆದುಕೊಳ್ಳುವ ಆ್ಯಂಟಿಬಯಾಟಿಕ್ಕು ಹುಳುಕು ಹಲ್ಲಿನ ನೋವಿಗೆ ಮದ್ದಲ್ಲ. ಸೋಂಕಿನ ಮೂಲ ಹಲ್ಲಿನೊಳಗೆ ಮುಚ್ಚಿಕೊಂಡಿರುವಾಗ ಮಾತ್ರೆ ಅಲ್ಲಿಗೆ ತಲುಪುವುದಿಲ್ಲ. ನೋವಿನ ಮಾತ್ರೆಯನ್ನು ಪುಡಿ ಮಾಡಿ ಹಲ್ಲಿನ ಸಂದಿಗೆ ಒತ್ತುವವರಿದ್ದಾರೆ, ವಸಡು ಸುಟ್ಟು ಬೆಳ್ಳಗಾಗುತ್ತದೆ, ಅಷ್ಟೇ ಲಾಭ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಹೆದರಿಕೆಗೆ ಮಾತ್ರ ಏನೇನೂ ಆಧಾರವಿಲ್ಲ. ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ. ಆದರೂ ಅದಕ್ಕೆ ಹೆದರಿ ಕೀವು ಇಟ್ಟುಕೊಂಡೇ ಓಡಾಡುವ ಅಜ್ಜ ಅಜ್ಜಿಯರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಖರ್ಚಿನ ಲೆಕ್ಕವೂ ಹೀಗೇ ಏರುತ್ತದೆ. ಸಿಮೆಂಟಿಗೆ ನೂರುಗಳಲ್ಲಿ ಮುಗಿಯುತ್ತಿದ್ದದ್ದು ರೂಟ್ ಕೆನಾಲಿಗೂ ಕ್ಯಾಪಿಗೂ ಸಾವಿರಗಳಾಗುತ್ತದೆ. ಹಲ್ಲು ಕಳೆದುಕೊಂಡು ಇಂಪ್ಲಾಂಟ್ ಎಂದರೆ ಹತ್ತಾರು ಸಾವಿರ. ಅಷ್ಟು ಕೊಡಲಾಗದವರು ಕೀಳಿಸಿ ಸುಮ್ಮನಾಗುತ್ತಾರೆ. ಎದುರು ಸಾಲಿನ ಹಲ್ಲು ಆ ಖಾಲಿ ಜಾಗಕ್ಕೆ ಇಳಿದು, ಒಂದೇ ಕಡೆ ಅಗಿಯುವ ರೂಢಿ ಬಿದ್ದು, ಒಂದರ ಹಿಂದೆ ಒಂದು ಹೋಗುತ್ತವೆ. ಕೊನೆಗೆ ಸರ್ಕಾರದ 'ದಂತ ಭಾಗ್ಯ'ದಲ್ಲಿ ಬಿಪಿಎಲ್ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಸಿಗುತ್ತದೆ. ಒಳ್ಳೆಯ ಯೋಜನೆ, ಬೊಚ್ಚುಬಾಯಿಯವರಿಗೆ ಮತ್ತೆ ರೊಟ್ಟಿ ಅಗಿಯುವ ಧೈರ್ಯ ಕೊಟ್ಟಿದೆ. ಆದರೆ ಎಲ್ಲ ಹಲ್ಲೂ ಹೋದ ಮೇಲೆ ತೆರೆಯುವ ಸರ್ಕಾರದ ಕೈ, ಮೊದಲ ಹಲ್ಲು ಹುಳುಕಾದಾಗ ಎಲ್ಲಿತ್ತು?

ಎರಡನೆಯದು ನಡುವಯಸ್ಸು. ಬ್ರಷ್ ಮಾಡುವಾಗ ಬೇಸಿನ್ನಿನಲ್ಲಿ ರಕ್ತ ಕಂಡರೆ ನಮ್ಮವರು ಬ್ರಷ್ ಬಿಟ್ಟು ಬೆರಳು ಹಿಡಿಯುತ್ತಾರೆ, ಇಲ್ಲವೇ ಪೇಸ್ಟ್ ಬದಲಿಸುತ್ತಾರೆ. ರಕ್ತ ಬರುವುದು ವಸಡಿನ ಅಂಚಿನಲ್ಲಿ ಕಿಟ್ಟ ಕಟ್ಟಿರುವುದಕ್ಕೆ. ಅದನ್ನು ಕ್ಲೀನಿಂಗ್ ಮಾಡಿಸಿ ತೆಗೆಸಬೇಕು. "ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತಂತೆ" ಎಂಬ ಮಾತು ಓದಿದವರ ಮನೆಯಲ್ಲೂ ಕೇಳುತ್ತದೆ. ಎಲುಬು ಕರಗಿ ಆಗಲೇ ಸಡಿಲಾಗಿದ್ದ ಹಲ್ಲನ್ನು ವರ್ಷಗಳ ಕಿಟ್ಟ ಗಾರೆಯ ಹಾಗೆ ಕಟ್ಟಿ ನಿಲ್ಲಿಸಿರುತ್ತದೆ. ಕಿಟ್ಟ ತೆಗೆದಾಗ ಸಡಿಲು ಬಯಲಾಗುತ್ತದೆ, ಅಪವಾದ ಡಾಕ್ಟರ ತಲೆಗೆ. ಕಿಟ್ಟ ಹೋದ ಜಾಗ ಒಂದೆರಡು ವಾರ ಜುಮ್ ಎನ್ನುವುದೂ ಈ ಅಪನಂಬಿಕೆಗೆ ತುಪ್ಪ ಸುರಿಯುತ್ತದೆ.

ವಸಡನ್ನು ನಡುವಯಸ್ಸಿನವರು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನುವುದಕ್ಕೆ ದೊಡ್ಡ ಕಾರಣ ಸಕ್ಕರೆ ಕಾಯಿಲೆ. ಸಕ್ಕರೆ ಹತೋಟಿಯಲ್ಲಿಲ್ಲದವರ ವಸಡು ಬೇಗ ಕೆಡುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಹತೋಟಿಗೆ ಬಾರದಂತೆ ಮಾಡುತ್ತದೆ. ನಲವತ್ತು ದಾಟಿದವರ ಬಾಯಲ್ಲಿ ಒಟ್ಟಿಗೇ ಹಲವು ಹಲ್ಲು ಸಡಿಲಾಗಿ, ಮತ್ತೆ ಮತ್ತೆ ಕೀವು ಕಟ್ಟುವುದನ್ನು ಕಂಡು "ಒಮ್ಮೆ ಶುಗರ್ ಟೆಸ್ಟ್ ಮಾಡಿಸಿಕೊಂಡು ಬನ್ನಿ" ಎಂದು ಹಲ್ಲಿನ ಡಾಕ್ಟರೇ ಕಳಿಸಿ, ಹಾಗೆ ಕಾಯಿಲೆ ಗೊತ್ತಾದವರು ಕಡಿಮೆಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಎಲುಬು ಸವೆತದ ಇಂಜೆಕ್ಷನ್, ಹೃದಯದ ಕವಾಟದ ಆಪರೇಷನ್, ಬಸಿರು, ಇವುಗಳಲ್ಲಿ ಯಾವುದಿದ್ದರೂ ಹಲ್ಲು ಕೀಳಿಸುವ ಮುನ್ನ ಹೇಳಲೇಬೇಕು. ಕುಟುಂಬದ ಡಾಕ್ಟರಾದರೆ ನೀವು ಮರೆತರೂ ಅವರ ಹಳೆಯ ಕಾರ್ಡಿನಲ್ಲಿ ಬರೆದಿರುತ್ತದೆ.

ಮೂರನೆಯದು, ಈ ಬರಹಕ್ಕೆ ತಲೆಬರಹ ಕೊಟ್ಟ ಬಾಯಿ. ಅದು ಹೆಚ್ಚಾಗಿ ಹದಿನೆಂಟರಿಂದ ಮೂವತ್ತರ ಹುಡುಗರದು. ಮೊದಲು ಸಾರು ಖಾರ ಎನ್ನುತ್ತಾನೆ. ಮನೆಯವರೆಲ್ಲ ಉಣ್ಣುವ ಅದೇ ಸಾರು ಅವನ ಬಾಯನ್ನು ಮಾತ್ರ ಸುಡುತ್ತದೆ. ಆಮೇಲೆ ಸಿಳ್ಳೆ ಹಾಕಲು ಬರುವುದಿಲ್ಲ, ಬಲೂನು ಊದಲು ಕೆನ್ನೆ ಉಬ್ಬುವುದಿಲ್ಲ, ರಾಗಿ ಮುದ್ದೆಯ ತುತ್ತು ಸಣ್ಣದಾಗುತ್ತ ಹೋಗುತ್ತದೆ. ಕೆನ್ನೆಯ ಒಳಭಾಗ ಕೆಂಪು ಕಳೆದುಕೊಂಡು ಬಿಳಿಚಿ, ಬೆರಳಿಟ್ಟು ನೋಡಿದರೆ ಹಗ್ಗದಂಥ ನಾರುಗಳು ಸಿಗುತ್ತವೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುವ ಈ ಕಾಯಿಲೆಗೆ ಮುಖ್ಯ ಕಾರಣ ಅಡಿಕೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು. ಒಮ್ಮೆ ಕಟ್ಟಿದ ನಾರು ತಾನಾಗಿ ಕರಗುವುದಿಲ್ಲ, ಮತ್ತು ಇದು ಕ್ಯಾನ್ಸರಿಗೆ ತಿರುಗಬಲ್ಲದು. ಬೇಗ ಗೊತ್ತಾದರೆ ಚಟ ಬಿಡಿಸಿ, ಬಾಯಿಯ ವ್ಯಾಯಾಮ, ಇಂಜೆಕ್ಷನ್ನುಗಳಿಂದ ಅಲ್ಲಿಗೇ ತಡೆದು ನಿಲ್ಲಿಸಬಹುದು. ತಡವಾದರೆ ಆಪರೇಷನ್. ಇನ್ನೂ ತಡವಾದರೆ, ಬಾಯಿ ಒಂದು ಬೆರಳಿಗೂ ತೆರೆಯದೆ, ಒಳಗೆ ಹುಟ್ಟಿದ ಹುಣ್ಣನ್ನು ನೋಡಲು ಡಾಕ್ಟರಿಗೂ ದಾರಿ ಇರುವುದಿಲ್ಲ.

ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಶಿವಮೊಗ್ಗ, ಚನ್ನಗಿರಿ, ಶಿರಸಿ, ಪುತ್ತೂರು ಕಡೆಯ ಸಾವಿರಾರು ಮನೆಗಳ ಒಲೆ ಉರಿಯುವುದು ತೋಟದಿಂದ. ಅದಕ್ಕೇ ಈ ಮಾತನ್ನು ಎತ್ತಲು ರಾಜಕಾರಣಿಗಳು, ಕೆಲವೊಮ್ಮೆ ಪತ್ರಿಕೆಗಳೂ ಹಿಂಜರಿಯುತ್ತವೆ. ಬೆಳೆಗಾರನ ಸಂಕಟ ನಿಜ, ಅದಕ್ಕೆ ಬೇರೆ ಪರಿಹಾರ ಹುಡುಕಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು, ತಂಬಾಕಿಲ್ಲದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ ಎಂಬುದೂ ನಿಜ. ಊಟದ ಮೇಲೆ ಅಜ್ಜಿ ಹಾಕುತ್ತಿದ್ದ ಎಲೆಯಡಿಕೆಯ ನೆನಪನ್ನು ಮುಂದಿಟ್ಟು ಬಸ್ಸಿನ ಕಿಟಕಿಯಲ್ಲಿ ದಿನಕ್ಕೆ ಹತ್ತು ಸ್ಯಾಷೆ ಹರಿಯುವ ಹುಡುಗನನ್ನು ಸಮರ್ಥಿಸುವುದು ಬೇಡ.

ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿತು. ಕಂಪನಿಗಳು ಮರುದಿನವೇ ಎಂಬಂತೆ ಉಪಾಯ ಕಂಡುಕೊಂಡವು. ಪಾನ್ ಮಸಾಲದ ಸ್ಯಾಷೆ ಒಂದು, ತಂಬಾಕಿನ ಸ್ಯಾಷೆ ಇನ್ನೊಂದು, ಎರಡೂ ಒಂದೇ ದಾರದಲ್ಲಿ ಜೋತು ಬಿದ್ದವು. ಗಿರಾಕಿ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಂಡ, ನಿಷೇಧ ಗೆಜೆಟ್‌ನಲ್ಲಿ ಉಳಿಯಿತು. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹದಿನೈದು ದಾಟಿದವರಲ್ಲಿ ನೂರಕ್ಕೆ ಸುಮಾರು 23 ಮಂದಿ ಒಂದಲ್ಲ ಒಂದು ರೀತಿಯ ತಂಬಾಕು ಬಳಸುತ್ತಿದ್ದರು, ಸೇದುವವರಿಗಿಂತ ಅಗಿಯುವವರೇ ಹೆಚ್ಚು. ಅವರ ಬಾಯನ್ನು ವರ್ಷಕ್ಕೊಮ್ಮೆ ಯಾರಾದರೂ ತೆರೆಸಿ ನೋಡುತ್ತಿದ್ದಾರೆಯೇ? ಎರಡು ವಾರದಲ್ಲಿ ಮಾಯದ ಯಾವ ಹುಣ್ಣನ್ನೂ ತೋರಿಸಬೇಕು ಎಂಬ ಒಂದು ಸಾಲು ಆ ದಾರದ ಪಕ್ಕದಲ್ಲಿ ಎಲ್ಲಿಯೂ ಜೋತು ಬಿದ್ದಿಲ್ಲ.

ಇಷ್ಟೆಲ್ಲ ನೋಡಬಲ್ಲ ಕುಟುಂಬದ ಹಲ್ಲಿನ ಡಾಕ್ಟರ ಸ್ಥಿತಿ ಏನು? ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದು 1958ರಲ್ಲಿ. ಇಂದು ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ, ಡಾಕ್ಟರುಗಳಿಗೆ ಬರವಿಲ್ಲ. ಒಂದೇ ರಸ್ತೆಯಲ್ಲಿ ನಾಲ್ಕು ಬೋರ್ಡು. ಪೈಪೋಟಿ ಹೆಚ್ಚಿದಂತೆ ಬೋರ್ಡಿನ ಮೇಲಿನ ಮಾತೂ ಬದಲಾಗಿದೆ. ಸ್ಮೈಲ್ ಪ್ಯಾಕೇಜ್, ಒಂದೇ ದಿನದಲ್ಲಿ ಬಿಳಿ ಹಲ್ಲು, ತಿಂಗಳ ಕಂತಿನಲ್ಲಿ ಹಲ್ಲು ನೇರ ಮಾಡುವ ಅಲೈನರ್. ಚೆಂದ ಕಾಣಬೇಕೆನ್ನುವುದರಲ್ಲಿ ತಪ್ಪೇನಿಲ್ಲ, ಮದುವೆ ಗೊತ್ತಾದ ಹುಡುಗಿ ಹಲ್ಲು ಬಿಳಿ ಮಾಡಿಸಿಕೊಳ್ಳಲಿ. ನಮ್ಮ ಆತಂಕ ಇರುವುದು ಪ್ಯಾಕೇಜಿನ ಹೊರಗೆ ಉಳಿಯುವ ಕೆಲಸದ ಬಗ್ಗೆ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಅಂಚು ನೋಡುವುದು, ಕೆನ್ನೆಯ ಒಳಗೆ ಬೆರಳಾಡಿಸುವುದು, ದವಡೆ ಕೆಳಗಿನ ಗಂಟುಗಳನ್ನು ಮುಟ್ಟಿ ನೋಡುವುದು, ಇವಕ್ಕೆ ರೇಟ್ ಕಾರ್ಡಿನಲ್ಲಿ ಸಾಲಿಲ್ಲ. ಬಾಯಿಯ ಒಳಗೆ ಒಮ್ಮೆಯೂ ನೋಡದೆ, ಮನೆಯಲ್ಲೇ ತೆಗೆದು ಕಳಿಸಿದ ಅಚ್ಚಿನ ಮೇಲೆ ಅಲೈನರ್ ಮಾಡಿ ಕೊರಿಯರ್‌ನಲ್ಲಿ ಕಳಿಸುವ ವ್ಯಾಪಾರದಲ್ಲಂತೂ ಆ ಪ್ರಶ್ನೆಯೇ ಏಳುವುದಿಲ್ಲ.

ಇದಕ್ಕೆ ಡಾಕ್ಟರುಗಳನ್ನಷ್ಟೇ ದೂರಿದರೆ ಅರ್ಧ ಸತ್ಯವಾದೀತು. "ಬರೀ ನೋಡಿದ್ದಕ್ಕೆ ಇನ್ನೂರು ರೂಪಾಯಾ?" ಎಂದು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವವರು ನಾವೇ. ಕಿತ್ತರೆ ಕೊಡುತ್ತೇವೆ, ಕೊರೆದರೆ ಕೊಡುತ್ತೇವೆ, ಕ್ಯಾಪ್ ಹಾಕಿದರೆ ಕೊಡುತ್ತೇವೆ. ನೋಡಿ, "ಏನೂ ಇಲ್ಲ, ಆರು ತಿಂಗಳು ಬಿಟ್ಟು ಬನ್ನಿ" ಎಂದು ಪ್ರಾಮಾಣಿಕವಾಗಿ ಹೇಳಿದವರಿಗೆ ಕೊಡಲು ಕೈ ಬರುವುದಿಲ್ಲ. ವಿಮಾ ಕಂಪನಿಗಳೂ ಇದೇ ಬುದ್ಧಿಯವು. ನಮ್ಮ ಸಾಮಾನ್ಯ ಆರೋಗ್ಯ ವಿಮೆಗಳು ಅಪಘಾತದಲ್ಲಿ ದವಡೆ ಮುರಿದರೆ ಹಣ ಕೊಡುತ್ತವೆ, ಕ್ಲಿನಿಕ್ಕಿಗೆ ಹೋಗಿ ಮಾಡಿಸುವ ಕ್ಲೀನಿಂಗ್, ಸಿಮೆಂಟುಗಳಿಗೆ ಹೆಚ್ಚಿನವು ಕೊಡುವುದಿಲ್ಲ. ನೋಡುವುದಕ್ಕೆ ಬೆಲೆಯಿಲ್ಲದ ಕಡೆ ಡಾಕ್ಟರು ಬದುಕಬೇಕಾದರೆ ಏನಾದರೂ ಮಾಡಲೇಬೇಕಾಗುತ್ತದೆ. ಅಗತ್ಯವಿಲ್ಲದ ಕ್ಯಾಪುಗಳು ಹುಟ್ಟುವುದು ಈ ಇಕ್ಕಟ್ಟಿನಲ್ಲಿ.

ಅಗ್ಗಕ್ಕೆ ಓಡುವುದರ ಅಪಾಯ ಇನ್ನೊಂದು ಕಡೆಗಿದೆ. ಸಂತೆಯ ಮೂಲೆಯಲ್ಲಿ ಕೂತು ಪ್ಲಾಸ್ಟಿಕ್ಕಿನ ಹಲ್ಲನ್ನು ತಂತಿ ಸುತ್ತಿ ವಸಡಿಗೆ ಅಂಟಿಸಿ ಕಳಿಸುವವರು 1948ರ ದಂತವೈದ್ಯರ ಕಾಯ್ದೆ ಬಂದು ಇಷ್ಟು ವರ್ಷವಾದರೂ ಹೋಗಿಲ್ಲ. ಡಿಗ್ರಿ ಇದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ಕೂರುವಂತೆಯೂ ಇಲ್ಲ. ನಮ್ಮ ಗಡಿಯಾಚೆ, ತಮಿಳುನಾಡಿನ ವಾಣಿಯಂಬಾಡಿಯಲ್ಲಿ 2023ರಲ್ಲಿ ನಡೆದದ್ದನ್ನು ನೆನೆಯಬೇಕು. ಅಲ್ಲಿನ ಒಂದು ಕ್ಲಿನಿಕ್ಕಿಗೆ ಹೋಗಿ ಬಂದ ಹತ್ತು ಮಂದಿಗೆ ಮೆದುಳಿನ ಸೋಂಕು ತಗುಲಿ ಎಂಟು ಮಂದಿ ತೀರಿಕೊಂಡರು. ಬಾಯಿ ತೊಳೆಯುವ ಸಲೈನ್ ಬಾಟಲಿಯನ್ನು ಶುದ್ಧವಲ್ಲದ ಉಪಕರಣದಿಂದ ತೆರೆದು, ಉಳಿದದ್ದನ್ನೇ ಮತ್ತೆ ಮತ್ತೆ ಬಳಸಿದ್ದರೆಂದು ತನಿಖೆ ಮಾಡಿದ ವಿಜ್ಞಾನಿಗಳು ವರದಿ ಮಾಡಿದ್ದಾರೆ. ಆ ಸೋಂಕು ತಂದದ್ದು ಮಣ್ಣಿನಲ್ಲಿ, ನೀರಿನಲ್ಲಿ ಇರುವ ಮೆಲಿಯಾಯ್ಡೋಸಿಸ್ ರೋಗಾಣು. ಒಂದು ಬಾಟಲಿಯ ಉಳಿತಾಯ ಎಷ್ಟು ರೂಪಾಯಿ ಇದ್ದೀತು!

ಹಾಗಾಗಿ ಕುರ್ಚಿಯಲ್ಲಿ ಕೂತವರು ಸಂಕೋಚ ಬಿಟ್ಟು ನೋಡಬೇಕಾದ ಕೆಲವು ಸಂಗತಿಗಳಿವೆ. ಉಪಕರಣಗಳ ಪೊಟ್ಟಣವನ್ನು ನಿಮ್ಮೆದುರೇ ಹರಿಯುತ್ತಾರೆಯೇ, ಕೈಗವಸು ಹೊಸದೇ, ಬಾಯಿಗೆ ಬಿಡುವ ನೀರು ಎಲ್ಲಿಂದ ಬರುತ್ತದೆ. ಉಪಕರಣ ಶುದ್ಧ ಮಾಡುವ ಆಟೋಕ್ಲೇವ್ ಇದೆಯೇ ಎಂದು ಕೇಳಿದರೆ ಒಳ್ಳೆಯ ಡಾಕ್ಟರು ಕೋಪ ಮಾಡಿಕೊಳ್ಳುವುದಿಲ್ಲ, ಎದ್ದು ತೋರಿಸುತ್ತಾರೆ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿ ಪತ್ರವೂ ದರಪಟ್ಟಿಯೂ ಗೋಡೆಯ ಮೇಲಿರಬೇಕು. ಕೈಯಲ್ಲಿ ದುಡ್ಡಿಲ್ಲವೆಂದು ಸಂತೆಯವನ ಹತ್ತಿರ ಹೋಗುವ ಬದಲು ಹತ್ತಿರದ ದಂತ ಕಾಲೇಜಿಗೆ ಹೋಗಬಹುದು. ಸಮಯ ಹೆಚ್ಚು ಹಿಡಿಯುತ್ತದೆ, ವಿದ್ಯಾರ್ಥಿಗಳು ಮಾಡಿ ಮೇಷ್ಟರು ನೋಡುತ್ತಾರೆ, ಖರ್ಚು ಬಹಳ ಕಡಿಮೆ.

ಸರ್ಕಾರಕ್ಕೆ ಹೊಸ ಭಾಗ್ಯವೊಂದನ್ನು ಘೋಷಿಸಿ ಎಂದು ನಾವು ಕೇಳುತ್ತಿಲ್ಲ. ಇರುವ ವ್ಯವಸ್ಥೆಯೊಳಗೇ ಆಗುವ ಕೆಲಸವಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತವೆ, ಹಲ್ಲೂ ಅವರ ಪಟ್ಟಿಯಲ್ಲಿದೆ. ಅವರು ತುಂಬುವ ಆರೋಗ್ಯ ಕಾರ್ಡಿನಲ್ಲಿ "ಹಲ್ಲು: ಸರಿಯಿದೆ / ಹುಳುಕು" ಎಂದು ಗೀಟು ಹಾಕಿ ಮುಂದೆ ಹೋಗುವ ಬದಲು, ಒಂದು ಮತ್ತು ಎರಡನೇ ತರಗತಿಯವರಿಗೆ ಆರರ ದವಡೆ ಹಲ್ಲು ಬಂದಿದೆಯೇ, ಸೀಲೆಂಟ್ ಬೇಕೇ ಎಂಬ ಕಾಲಂ ಸೇರಲಿ. ಹೈಸ್ಕೂಲು, ಪಿಯುಸಿಯ ಮಕ್ಕಳಿಗೆ ಮೂರು ಬೆರಳಿನ ಪರೀಕ್ಷೆಯ ಕಾಲಂ ಇನ್ನೊಂದು. ಐಟಿಐ, ಗಾರ್ಮೆಂಟ್ಸ್, ಗಣಿ, ಸಾರಿಗೆ ಡಿಪೋಗಳಲ್ಲಿ ನಡೆಯುವ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುವ ಮೇಜಿನ ಪಕ್ಕ ಒಂದು ಟಾರ್ಚು, ಒಂದು ಮೌತ್ ಮಿರರ್ ಇರಲಿ. ಪ್ರತಿ ದಂತ ಕಾಲೇಜಿಗೂ ಸುತ್ತಲಿನ ಎರಡು ಮೂರು ತಾಲ್ಲೂಕುಗಳನ್ನು ವಹಿಸಿಕೊಟ್ಟು, ಇಂಟರ್ನಿಗಳನ್ನು ಈ ಕೆಲಸಕ್ಕೆ ಕಳಿಸಿ, ಸಂಶಯ ಬಂದವರ ಹೆಸರು ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ಆ ವಾರವೇ ತಲುಪುವಂತೆ ಮಾಡಲಿ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುಂಚೆ ಕಾರ್ಡು ಅಚ್ಚಾಗಬೇಕಾದರೆ, ಈ ಎರಡು ಕಾಲಂಗಳ ಆದೇಶ ಮಾರ್ಚ್ ಒಳಗೆ ಹೊರಡಬೇಕು.